ರೋಲರ್ ಕೋಸ್ಟರಿನ ಮೊದಲ ದಿಬ್ಬ



ಜಾತ್ರೆಯಲ್ಲಿ ತಿರುಗುವ ತೊಟ್ಟಿಲನ್ನು ಏರಿದವರಿಗೆ, ಅದು ಮೇಲಿನಿಂದ ಕೆಳಕ್ಕೆ ಇಳಿಯುವಾಗ ಹೊಟ್ಟೆಯೊಳಗೆ ಏನೋ ಜಾರಿಹೋದಂತಾಗುವ ಅನುಭವವು ಇದ್ದೇ ಇರುವುದು. ಆ ಒಂದು ಕ್ಷಣದ ಅನುಭವವನ್ನೇ ಹಿಗ್ಗಿಸಿ, ಅದಕ್ಕಾಗಿ ಸಾವಿರಾರು ಅಡಿ ಹಳಿಯನ್ನು ಹಾಸಿ, ಜನರಿಗೆ ಒದಗಿಸುವ ಯಂತ್ರವೊಂದು ಉಂಟು. ಅದಕ್ಕೆ ರೋಲರ್ ಕೋಸ್ಟರ್ ಎಂದು ಹೆಸರು. ಅದನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಅದರ ವೇಗವನ್ನೂ ತಿರುವುಗಳನ್ನೂ ಹತ್ತಿದವರ ಕೂಗಾಟವನ್ನೂ ವರ್ಣಿಸುವರು. ನಾವು ಈ ದಿನ ಅವುಗಳ ಗೊಡವೆಗೆ ಹೋಗದೆ, ಅದರ ಮೊದಲ ದಿಬ್ಬವನ್ನು ಮಾತ್ರ, ಎಂದರೆ ಬಂಡಿಗಳು ಮೆಲ್ಲಗೆ ಹತ್ತುವ ಏರನ್ನೂ ಅದರ ಬೆನ್ನಿಗೇ ಬರುವ ಇಳಿಜಾರನ್ನೂ ಮಾತ್ರ ವಿಚಾರಮಾಡುವೆವು. ಈ ಎರಡು ತಿಳಿದರೆ ಉಳಿದುದು ಬಹುಮಟ್ಟಿಗೆ ತಾನಾಗಿ ತಿಳಿಯುವುದು.

ಮೊದಲು ನೋಟವನ್ನು ಕಣ್ಣಮುಂದೆ ತಂದುಕೊಳ್ಳೋಣ. ಐದಾರು ಸಣ್ಣ ಬಂಡಿಗಳನ್ನು ಒಂದಕ್ಕೊಂದು ಕೂಡಿಸಿದ ರೈಲು ನಿಲ್ದಾಣದಿಂದ ಹೊರಡುವುದು. ಸ್ವಲ್ಪ ದೂರ ಸಾಗುವಷ್ಟರಲ್ಲಿ ಹಳಿಯ ನಡುವೆ ಓಡುತ್ತಿರುವ ಸರಪಣಿಯೊಂದು ಅದನ್ನು ಹಿಡಿದು, ಕಟಕಟನೆ ಸದ್ದುಮಾಡುತ್ತ, ಎತ್ತರವಾದ ದಿಬ್ಬದ ಮೇಲಕ್ಕೆ ಎಳೆಯುವುದು. ತುದಿಯನ್ನು ದಾಟಿದೊಡನೆ ಸದ್ದು ನಿಂತು, ರೈಲು ಕೆಳಕ್ಕೆ ಧುಮುಕುವುದು. ಅಲ್ಲಿಂದ ಮುಂದೆ ಅದು ಎಷ್ಟೋ ದಿಬ್ಬಗಳನ್ನು ಹತ್ತಿ, ಎಷ್ಟೋ ತಿರುವುಗಳನ್ನು ಸುತ್ತಿ, ನಿಲ್ದಾಣಕ್ಕೆ ಹಿಂದಿರುಗುವುದು. ಆಶ್ಚರ್ಯವೇನೆಂದರೆ, ಈ ರೈಲಿಗೆ ಎಂಜಿನ್ನಿಲ್ಲ. ಸರಪಣಿಯು ಕೈಬಿಟ್ಟ ಮೇಲೆ ಅದನ್ನು ಎಳೆಯುವವರೂ ಇಲ್ಲ, ತಳ್ಳುವವರೂ ಇಲ್ಲ. ಹಾಗಾದರೆ ಅದು ಓಡುವುದು ಯಾವುದರ ಬಲದಿಂದ?

ಎತ್ತರದಲ್ಲಿರುವ ವಸ್ತುವಿನಲ್ಲಿ, ಅದು ಎತ್ತರದಲ್ಲಿದೆಯೆಂಬ ಕಾರಣದಿಂದಲೇ, ಒಂದು ಶಕ್ತಿಯು ಅಡಗಿರುವುದು. ಇದನ್ನು ಸ್ಥಾನಶಕ್ತಿಯೆನ್ನಬಹುದು. ವಸ್ತುವು ಕೆಳಕ್ಕೆ ಬೀಳುತ್ತ ಹೋದಂತೆ ಈ ಶಕ್ತಿಯು ಚಲನಶಕ್ತಿಯಾಗಿ ಮಾರ್ಪಡುವುದು. ಶಿವನಸಮುದ್ರದಲ್ಲಿ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗಾಗಿ ವಿದ್ಯುತ್ತನ್ನು ಹುಟ್ಟಿಸಿದುದು ಇದೇ ನಿಯಮದಿಂದ. ಅಲ್ಲಿ ನೀರನ್ನು ಎತ್ತರಕ್ಕೆ ಏರಿಸುವ ಕೆಲಸವನ್ನು ಬಿಸಿಲೂ ಮಳೆಯೂ ನಮಗಾಗಿ ಬಿಟ್ಟಿಯಾಗಿ ಮಾಡಿಕೊಡುವುವು. ರೋಲರ್ ಕೋಸ್ಟರಿನಲ್ಲಿ ಹಾಗಲ್ಲ. ಅಲ್ಲಿ ಎತ್ತರವನ್ನು ಕೊಂಡುಕೊಳ್ಳಬೇಕು. ಮೊದಲ ದಿಬ್ಬವೇ ಆ ವ್ಯಾಪಾರದ ಸ್ಥಳ. ಅಲ್ಲಿ ಜಮೆಯಾದುದನ್ನೇ ರೈಲು ಮುಂದಿನ ದಾರಿಯುದ್ದಕ್ಕೂ ಖರ್ಚು ಮಾಡಬೇಕು. ಜಮೆಯು ಒಂದೇ ಸಾರಿ, ಖರ್ಚು ಹೆಜ್ಜೆಹೆಜ್ಜೆಗೂ, ಸಾಲವು ಎಲ್ಲಿಯೂ ಹುಟ್ಟುವುದಿಲ್ಲ.

ಈ ವ್ಯಾಪಾರವನ್ನು ಮನುಷ್ಯನು ಕಲಿತುದು ಮೆಲ್ಲಮೆಲ್ಲಗೆ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ರಷ್ಯದ ಜನರು ಚಳಿಗಾಲದಲ್ಲಿ ಮರದ ಎತ್ತರವಾದ ಅಟ್ಟಗಳನ್ನು ಕಟ್ಟಿ, ಅವುಗಳ ಇಳಿಜಾರಿಗೆ ನೀರೆರೆದು ಮಂಜುಗಡ್ಡೆಯಾಗಿಸಿ, ಅದರ ಮೇಲೆ ಜಾರುತ್ತಿದ್ದರು. ಅಲ್ಲಿ ಸರಪಣಿಯಿರಲಿಲ್ಲ, ಜಾರಬೇಕೆಂಬುವವನು ಹಿಂಬದಿಯ ಮೆಟ್ಟಿಲುಗಳನ್ನು ತನ್ನ ಕಾಲಿನಿಂದಲೇ ಹತ್ತಬೇಕಾಗಿತ್ತು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ೧೮೨೭ರಲ್ಲಿ ಮಾಕ್ ಚಂಕ್ ಎಂಬ ಊರಿಗೆ ಕಲ್ಲಿದ್ದಲನ್ನು ಇಳಿಸಲು ಸುಮಾರು ಒಂಬತ್ತು ಮೈಲಿಗಳ ಹಳಿಯನ್ನು ಹಾಕಿದರು. ತುಂಬಿದ ಬಂಡಿಗಳು ಬೆಟ್ಟದ ಮೇಲಿನಿಂದ ತಮ್ಮ ಭಾರದಿಂದಲೇ ಇಳಿದುಬರುತ್ತಿದ್ದುವು. ಬರಿದಾದ ಬಂಡಿಗಳನ್ನು ಹೇಸರಗತ್ತೆಗಳು ಮೇಲಕ್ಕೆ ಎಳೆದೊಯ್ಯುತ್ತಿದ್ದುವು. ಆ ಹೇಸರಗತ್ತೆಗಳೂ ಬಂಡಿಯಲ್ಲಿ ಕುಳಿತೇ ಕೆಳಕ್ಕೆ ಬರುತ್ತಿದ್ದುವು. ಹೀಗೆ ಕೆಲವು ಸಾರಿ ಸವಾರಿ ಮಾಡಿದ ಮೇಲೆ ಅವು ಕೆಳಕ್ಕೆ ನಡೆದು ಹೋಗಲು ಒಪ್ಪುತ್ತಲೇ ಇರಲಿಲ್ಲವೆಂದು ಹೇಳುವರು. ೧೮೪೦ರ ದಶಕದಲ್ಲಿ ಅವುಗಳ ಕೆಲಸವನ್ನು ಬೆಟ್ಟದ ನೆತ್ತಿಯಲ್ಲಿ ನಿಲ್ಲಿಸಿದ ಉಗಿಯಂತ್ರಗಳು ವಹಿಸಿಕೊಂಡುವು. ಕಲ್ಲಿದ್ದಲಿಗೆ ಬೇರೆ ದಾರಿಯಾದ ಮೇಲೂ ಈ ಹಳಿಯು ವಿನೋದಯಾತ್ರಿಕರಿಗಾಗಿ ೧೯೩೩ರವರೆಗೆ ನಡೆಯಿತು.

ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಟಾಮ್ಸನ್ನನು ೧೮೮೪ರಲ್ಲಿ ಕಟ್ಟಿದ ವಿನೋದದ ರೈಲು ಸುಮಾರು ೬೦೦ ಅಡಿ ಉದ್ದವಿದ್ದಿತು. ಅದರ ವೇಗವು ಗಂಟೆಗೆ ಆರು ಮೈಲಿ. ಬೆಲೆಯು ಐದು ಸೆಂಟು. ಅದರಲ್ಲಿಯೂ ಜನರು ಗೋಪುರವನ್ನು ತಾವೇ ಹತ್ತಬೇಕಾಗಿತ್ತು; ಇನ್ನೊಂದು ಕೊನೆಯಲ್ಲಿ ಬಂಡಿಯನ್ನು ಆಳುಗಳು ಮೇಲಕ್ಕೆ ತಳ್ಳಬೇಕಾಗಿತ್ತು. ಮಾರನೆಯ ವರ್ಷ, ಎಂದರೆ ೧೮೮೫ರಲ್ಲಿ, ಫಿಲಿಪ್ ಹಿಂಕಲ್ ಎಂಬಾತನು ಜನರು ಕುಳಿತಿರುವಂತೆಯೇ ಬಂಡಿಯನ್ನು ಯಂತ್ರದಿಂದ ದಿಬ್ಬಕ್ಕೆ ಏರಿಸುವ ಏರ್ಪಾಡನ್ನು ಅಲ್ಲಿಗೆ ತಂದನು. ಕಾಲುಗಳು ಮಾಡುತ್ತಿದ್ದ ಕೆಲಸವು ಯಂತ್ರಕ್ಕೆ ಹೋದ ಆ ದಿನದಿಂದ ದಿಬ್ಬವು ಎತ್ತರವಾಗುವುದಕ್ಕೆ ಅಡ್ಡಿಯು ತಪ್ಪಿತು.

ಏರಿಸುವುದಕ್ಕೆ ಎಷ್ಟು ಬೆಲೆ ತೆರಬೇಕೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಜನರೂ ಸೇರಿ ರೈಲಿನ ತೂಕವು ಹತ್ತು ಟನ್ನೆಂದೂ ದಿಬ್ಬದ ಎತ್ತರವು ೧೦೦ ಅಡಿಯೆಂದೂ ಇಟ್ಟುಕೊಳ್ಳೋಣ. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಅದನ್ನು ಮೇಲಕ್ಕೆ ಒಯ್ಯಲು ಬೇಕಾಗುವ ಒಟ್ಟು ವಿದ್ಯುತ್ತು ಒಂದು ಯೂನಿಟ್ಟಿಗೂ ಕಡಮೆ. ನಮ್ಮ ಮನೆಗಳ ಮೀಟರಿನಲ್ಲಿ ಒಂದು ಅಂಕೆ ಸರಿಯುವಷ್ಟು ಶಕ್ತಿಯೇ ಇಷ್ಟು ಜನರನ್ನು ಚೀರಿಸಲು ಸಾಕು! ಆದರೆ ಶಕ್ತಿಯ ಮೊತ್ತವು ಒಂದು. ಅದನ್ನು ಎಷ್ಟು ಹೊತ್ತಿನಲ್ಲಿ ಕೊಡಬೇಕೆಂಬುದು ಇನ್ನೊಂದು. ಒಂದು ನಿಮಿಷದಲ್ಲಿ ಏರಿಸಲು ಸುಮಾರು ೬೭ ಅಶ್ವಶಕ್ತಿಯ ಮೋಟಾರು ಸಾಕು. ಹತ್ತೇ ಸೆಕೆಂಡುಗಳಲ್ಲಿ ಏರಿಸಬೇಕಾದರೆ ಸುಮಾರು ೪೦೦ ಅಶ್ವಶಕ್ತಿ ಬೇಕು. ರೈಲು ಮೆಲ್ಲಗೆ ಏರುವುದು ಕುಳಿತವರ ಎದೆಬಡಿತವನ್ನು ಹೆಚ್ಚಿಸುವುದಕ್ಕೆಂದು ಅನೇಕರು ಭಾವಿಸುವರು. ಹಾಗೆ ಆಗುವುದೇನೋ ನಿಜ. ಆದರೆ ಅದಕ್ಕೆ ಮೊದಲು ಅದು ಮೋಟಾರಿನ ಮಿತವ್ಯಯ.

ಇನ್ನು ಸರಪಣಿಯ ವಿಚಾರ. ಅದು ತುದಿಮೊದಲಿಲ್ಲದ ಬಳೆಯಂತೆ, ದಿಬ್ಬದ ಬುಡದಿಂದ ನೆತ್ತಿಗೆ ಹಳಿಯ ನಡುವೆ ಏರಿ, ಹಲ್ಲುಚಕ್ರವನ್ನು ಬಳಸಿ, ಅಡಿಯಿಂದ ಹಿಂದಿರುಗುವುದು. ಬಂಡಿಯ ತಳದಲ್ಲಿರುವ ಉಕ್ಕಿನ ಕೊಕ್ಕೆಯು ಅದರ ಕೊಂಡಿಗೆ ಸಿಕ್ಕಿಕೊಳ್ಳುವುದು. ಏರು ೩೦ ಡಿಗ್ರಿಯಿದ್ದರೆ ರೈಲಿನ ತೂಕದಲ್ಲಿ ಅರ್ಧದಷ್ಟು ಎಳೆತವು ಸರಪಣಿಯ ಮೇಲೆ ಬೀಳುವುದು. ಏರು ಕಡಿದಾದಷ್ಟೂ ಎಳೆತವು ಹೆಚ್ಚು. ಇದಲ್ಲದೆ ಸರಪಣಿಯು ತನ್ನ ತೂಕವನ್ನು ತಾನೇ ಹೊರಬೇಕು. ಆಳವಾದ ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು: ಕೊಡದ ಭಾರದ ಜೊತೆಗೆ ಹಗ್ಗದ ಭಾರವೂ ಕೈಗೆ ಬರುವುದು. ೨೦೦೦ದಲ್ಲಿ ಜಪಾನಿನಲ್ಲಿ ತೆರೆದ ಸ್ಟೀಲ್ ಡ್ರ್ಯಾಗನ್ ೨೦೦೦ ಎಂಬ ೩೧೮ ಅಡಿಯ ಕೋಸ್ಟರಿನಲ್ಲಿ ಒಂದೇ ಸರಪಣಿಯು ಅತಿ ಭಾರವಾಗುವುದೆಂದು, ಏರಿನ ಕೆಳಭಾಗಕ್ಕೊಂದು ಮೇಲ್ಭಾಗಕ್ಕೊಂದು ಎಂದು ಎರಡು ಸರಪಣಿಗಳನ್ನು ಹಾಕಿದರು. ಅದೇ ವರ್ಷ ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ ತೆರೆದ ಮಿಲೆನಿಯಮ್ ಫೋರ್ಸ್ ಎಂಬುದರಲ್ಲಿ ಸರಪಣಿಯನ್ನೇ ಬಿಟ್ಟು, ಹಗುರವಾದ ಉಕ್ಕಿನ ಹಗ್ಗದಿಂದ ರೈಲನ್ನು ೪೫ ಡಿಗ್ರಿಯ ಏರಿನಲ್ಲಿ ೩೧೦ ಅಡಿ ಎತ್ತರಕ್ಕೆ ಎಳೆಯುವರು.

ಸರಪಣಿಯು ತುಂಡಾದರೆ ಗತಿಯೇನು? ಇಷ್ಟೊಂದು ಪ್ರಾಣಗಳನ್ನು ಹೊತ್ತ ರೈಲು ಹಿಮ್ಮುಖವಾಗಿ ಜಾರಿದರೆ ಅನಾಹುತವು ಖಂಡಿತ. ಆದುದರಿಂದಲೇ ಏರಿನ ಉದ್ದಕ್ಕೂ ಗರಗಸದಂಥ ಹಲ್ಲುಗಳುಳ್ಳ ಉಕ್ಕಿನ ಪಟ್ಟಿಯೊಂದನ್ನು ಜೋಡಿಸಿರುವರು. ಬಂಡಿಯ ತಳದಲ್ಲಿ ಕೀಲಿನ ಮೇಲೆ ಆಡುವ ನಾಲಿಗೆಯೊಂದು ಈ ಹಲ್ಲುಗಳನ್ನು ಒಂದೊಂದಾಗಿ ಹತ್ತಿ ದಾಟುತ್ತ ಹೋಗುವುದು. ಮುಂದಕ್ಕೆ ಹೋಗಲು ಅಡ್ಡಿಯಿಲ್ಲ. ಹಿಂದಕ್ಕೆ ಜಾರಿದರೆ ನಾಲಿಗೆಯು ಹಲ್ಲಿಗೆ ಒತ್ತಿ, ರೈಲು ಅಲ್ಲಿಯೇ ನಿಲ್ಲುವುದು. ಗಡಿಯಾರಕ್ಕೆ ಕೀಲಿ ಕೊಡುವಾಗ ಕೇಳಿಬರುವ ಸದ್ದೂ ಇಂಥದೇ ಏರ್ಪಾಡಿನಿಂದ ಹುಟ್ಟಿದುದು. ಮಾಕ್ ಚಂಕಿನ ಏರಿನಲ್ಲಿಯೇ ಇದರ ಮೂಲವು ಕಾಣುವುದು. ಕೋಸ್ಟರುಗಳಿಗೆ ಒಗ್ಗುವಂತೆ ಇದನ್ನು ತಿದ್ದಿ ೧೯೧೦ರಲ್ಲಿ ಪೇಟೆಂಟ್ ಪಡೆದವನು ಜಾನ್ ಮಿಲ್ಲರ್ ಎಂಬ ಅಮೆರಿಕದ ಎಂಜಿನಿಯರು. ಏರುವಾಗ ನಮ್ಮನ್ನು ಹೆದರಿಸುವ ಆ ಕಟಕಟ ಶಬ್ದವು ನಿಜವಾಗಿ ಅಭಯದ ಶಬ್ದ. ಒಂದೊಂದು ಸಾರಿ ಕೇಳಿದಾಗಲೂ, ಇನ್ನೊಂದು ಹೆಜ್ಜೆಯಷ್ಟು ಎತ್ತರವು ಭದ್ರವಾಯಿತೆಂದು ತಿಳಿಯಬೇಕು.

ಈಗ ನೆತ್ತಿಗೆ ಬಂದೆವು. ರೈಲಿನ ಅರ್ಧಭಾಗವು ಆಚೆಗೆ ಸರಿಯುವವರೆಗೆ ಸರಪಣಿಯ ಹಿಡಿತವು ಬಿಡುವುದಿಲ್ಲ. ಆಚೆಯ ಭಾಗವು ಭಾರವಾದೊಡನೆ ರೈಲು ಸರಪಣಿಗಿಂತ ವೇಗವಾಗಿ ಚಲಿಸತೊಡಗುವುದು. ಕೊಕ್ಕೆಯು ತಾನಾಗಿ ಕಳಚಿಕೊಳ್ಳುವುದು. ಇಲ್ಲಿ ಒಂದು ಸ್ವಾರಸ್ಯವುಂಟು. ಮುಂದಿನ ಬಂಡಿಯವರು ನೆತ್ತಿಯನ್ನು ದಾಟುವಾಗ ವೇಗವು ಅತ್ಯಲ್ಪ. ಅವರು ಇಳಿಜಾರನ್ನು ದಿಟ್ಟಿಸುತ್ತ ಒಂದು ಕ್ಷಣ ತೂಗಿ ನಿಂತಂತಿರುವರು. ಕಡೆಯ ಬಂಡಿಯವರು ಅದೇ ನೆತ್ತಿಗೆ ಬರುವಷ್ಟರಲ್ಲಿ ಮುಂದಿನವು ಆಗಲೇ ಇಳಿಯುತ್ತಿರುವುದರಿಂದ, ಇವರನ್ನು ರಭಸದಿಂದ ಸೆಳೆದುಕೊಳ್ಳುವುವು. ರೈಲು ಒಂದೇ, ದಿಬ್ಬವು ಒಂದೇ. ಆದರೂ ಮೊದಲ ಸಾಲಿನವನೂ ಕಡೆಯ ಸಾಲಿನವನೂ ಬೇರೆ ಬೇರೆ ಸವಾರಿಯನ್ನು ಮಾಡಿ ಬಂದಿರುವರು.

ಇಳಿಜಾರಿನ ಬುಡದಲ್ಲಿ ವೇಗವು ಎಷ್ಟಾಗುವುದು? ಇದಕ್ಕೆ ಸುಲಭವಾದ ಸೂತ್ರವೊಂದುಂಟು. ಇಳಿದ ಎತ್ತರವನ್ನು ಅಡಿಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು ಎಂಟರಿಂದ ಗುಣಿಸಿದರೆ, ಸೆಕೆಂಡಿಗೆ ಎಷ್ಟು ಅಡಿ ವೇಗವೆಂಬುದು ಬರುವುದು. ೧೦೦ ಅಡಿ ಇಳಿದರೆ ಸೆಕೆಂಡಿಗೆ ೮೦ ಅಡಿ, ಎಂದರೆ ಗಂಟೆಗೆ ಸುಮಾರು ೫೫ ಮೈಲಿ. ೪೦೦ ಅಡಿ ಇಳಿದರೆ ಅದರ ಎರಡರಷ್ಟು. ವೇಗವನ್ನು ಇಮ್ಮಡಿಸಬೇಕಾದರೆ ಎತ್ತರವನ್ನು ನಾಲ್ಮಡಿಸಬೇಕು. ಎತ್ತರದ ವ್ಯಾಪಾರವು ಇಷ್ಟು ದುಬಾರಿ. ಈ ಸೂತ್ರದಲ್ಲಿ ತೂಕದ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಬೇಕು. ಗಾಳಿಯೂ ಘರ್ಷಣೆಯೂ ಇಲ್ಲದಿದ್ದರೆ ತುಂಬಿದ ರೈಲೂ ಬರಿಯ ರೈಲೂ ಒಂದೇ ವೇಗದಿಂದ ಇಳಿಯುವುವು.

ಸೂತ್ರವನ್ನು ಪರೀಕ್ಷಿಸೋಣ. ಮಿಲೆನಿಯಮ್ ಫೋರ್ಸಿನ ಮೊದಲ ಇಳಿಜಾರು ೩೦೦ ಅಡಿ. ಲೆಕ್ಕದಂತೆ ವೇಗವು ಗಂಟೆಗೆ ಸುಮಾರು ೯೪½ ಮೈಲಿಯಾಗಬೇಕು. ಅದರ ಪ್ರಸಿದ್ಧವಾದ ವೇಗವು ೯೩ ಮೈಲಿ. ಕಡಮೆಯಾದ ಸ್ವಲ್ಪವನ್ನು ಗಾಳಿಯೂ ಚಕ್ರಗಳ ಘರ್ಷಣೆಯೂ ತಿಂದುವು. ಇನ್ನು ಕೋನಿ ಐಲೆಂಡಿನ ಸೈಕ್ಲೋನನ್ನು ನೋಡಿ. ೧೯೨೭ರಲ್ಲಿ ತೆರೆದು ಈಗಲೂ ಓಡುತ್ತಿರುವ ಈ ಕೋಸ್ಟರಿನ ಮೊದಲ ಇಳಿಜಾರು ೮೫ ಅಡಿ. ಅದರ ವೇಗವು ಗಂಟೆಗೆ ೬೦ ಮೈಲಿಯೆಂದು ಅನೇಕ ಕಡೆ ಅಚ್ಚಾಗಿದೆ. ನಮ್ಮ ಸೂತ್ರವಾದರೋ ೫೦ ಮೈಲಿಗಿಂತ ಹೆಚ್ಚು ಕೊಡಲು ಒಪ್ಪದು. ನೆತ್ತಿಯ ಮೇಲಿನ ಅಲ್ಪವೇಗವನ್ನು ಕೂಡಿಸಿದರೂ ಲೆಕ್ಕವು ಅಷ್ಟೇನೂ ಬದಲಾಗದು. ಗುರುತ್ವಾಕರ್ಷಣೆಯು ಜಾಹೀರಾತನ್ನು ಓದುವುದಿಲ್ಲ. ಒಂದು ವರ್ಗಮೂಲವನ್ನು ತೆಗೆಯಬಲ್ಲ ವಿದ್ಯಾರ್ಥಿಯೂ ಅಚ್ಚಿನ ಮಾತನ್ನು ಒರೆಗೆ ಹಚ್ಚಿ ನೋಡಬಲ್ಲನೆಂಬುದೇ ವಿಜ್ಞಾನದ ದೊಡ್ಡ ಉಪಕಾರ.

ಇಳಿಜಾರಿಗೆ ಎತ್ತರವೊಂದೇ ಸಾಲದು, ಆಕಾರವೂ ಬೇಕು. ನಮಗೆ ನಮ್ಮ ತೂಕವೆಂದು ತೋರುವುದು, ಕುಳಿತ ಪೀಠವು ನಮ್ಮನ್ನು ಮೇಲಕ್ಕೆ ಒತ್ತುವ ಒತ್ತಡ. ಚೆಂಡನ್ನು ಅಡ್ಡಲಾಗಿ ಎಸೆದರೆ ಅದು ಬಾಗುತ್ತ ಬಾಗುತ್ತ ನೆಲಕ್ಕೆ ಬರುವ ದಾರಿಯು ಪರವಲಯವೆಂದು ಗೆಲಿಲಿಯೋ ತೋರಿಸಿದನಷ್ಟೆ. ನೆತ್ತಿಯಿಂದ ಇಳಿಯುವ ಹಳಿಯನ್ನು ಆ ವೇಗಕ್ಕೆ ತಕ್ಕ ಪರವಲಯದ ಆಕಾರದಲ್ಲಿಯೇ ಬಾಗಿಸಿದರೆ, ರೈಲೂ ಜನರೂ ಎಸೆದ ಚೆಂಡಿನಂತೆಯೇ ಬೀಳುವುದರಿಂದ, ಪೀಠವು ಯಾರನ್ನೂ ಒತ್ತುವುದಿಲ್ಲ, ಎಲ್ಲರಿಗೂ ತೂಕವಿಲ್ಲದಂತಾಗುವುದು. ಹಳಿಯು ಪರವಲಯಕ್ಕಿಂತಲೂ ಬೇಗ ಬಾಗಿದರೆ ರೈಲು ಹಳಿಯನ್ನು ಬಿಟ್ಟು ಮೇಲೇಳಲು ನೋಡುವುದು. ಹಳೆಯ ಕೋಸ್ಟರುಗಳಲ್ಲಿ ಬಂಡಿಯು ಹಳಿಯ ಮೇಲೆ ಸುಮ್ಮನೆ ಕುಳಿತಿದ್ದುದರಿಂದ ಇಳಿಜಾರನ್ನು ಹೆಚ್ಚು ಕಡಿದು ಮಾಡಲು ಎಂಜಿನಿಯರುಗಳು ಅಂಜಬೇಕಾಗಿತ್ತು. ಹಳಿಯ ಅಡಿಯಿಂದಲೂ ಹಿಡಿಯುವ ಮತ್ತೊಂದು ಜೊತೆ ಚಕ್ರಗಳನ್ನು ಜಾನ್ ಮಿಲ್ಲರನು ರೂಪಿಸಿ ೧೯೧೯ರಲ್ಲಿ ಪೇಟೆಂಟ್ ಪಡೆದ ಮೇಲೆ ಆ ಅಂಜಿಕೆಯು ಕಳೆಯಿತು. ಸೈಕ್ಲೋನಿನ ಸುಮಾರು ೫೯ ಡಿಗ್ರಿಯ ಇಳಿಜಾರು ಈ ಚಕ್ರಗಳ ಫಲವೇ ಸರಿ.

ಬೀಳುವುದಕ್ಕಿಂತ ಬಿದ್ದುದನ್ನು ತಿರುಗಿಸುವುದು ಕಷ್ಟ. ಇಳಿಜಾರಿನ ಬುಡದಲ್ಲಿ ರೈಲನ್ನು ಅಡ್ಡಕ್ಕೆ, ಆಮೇಲೆ ಮೇಲಕ್ಕೆ ಹೊರಳಿಸಬೇಕು. ಅಲ್ಲಿ ಪೀಠದ ಒತ್ತಡವು ಬಹಳವಾಗಿ ಏರುವುದು. ಇದಕ್ಕೂ ಸೂತ್ರವು ಸುಲಭ: ಇಳಿದ ಎತ್ತರದ ಎರಡರಷ್ಟನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿ, ಒಂದನ್ನು ಕೂಡಿಸಬೇಕು. ಬಾಗಿನ ತ್ರಿಜ್ಯವು ಎತ್ತರಕ್ಕೆ ಸಮನಾಗಿದ್ದರೆ ನಮ್ಮ ತೂಕವು ಮೂರು ಮಡಿಯಾದಂತೆ ತೋರುವುದು. ತ್ರಿಜ್ಯವು ಎತ್ತರದ ಅರ್ಧವಾದರೆ ಐದು ಮಡಿ. ಆಗ ೬೦ ಕಿಲೋಗ್ರಾಮ್ ತೂಗುವವನು ೩೦೦ ಕಿಲೋಗ್ರಾಮಿನ ಭಾರದಿಂದ ಪೀಠಕ್ಕೆ ಅದುಮಿಹೋಗುವನು. ಕತ್ತು ತಲೆಯನ್ನು ಎತ್ತಿ ಹಿಡಿಯಲಾರದು. ರಕ್ತವು ಮೆದುಳನ್ನು ಬಿಟ್ಟು ಕೆಳಕ್ಕೆ ಇಳಿಯತೊಡಗುವುದು. ಹಳಿಯೂ ಅದರ ಕಂಬಗಳೂ ಅದೇ ಪ್ರಮಾಣದಲ್ಲಿ ಭಾರವನ್ನು ತಾಳಬೇಕು. ಆದುದರಿಂದ ದಿಬ್ಬವನ್ನು ಎತ್ತರಿಸಿದವನು ಬುಡದ ಬಾಗನ್ನೂ ಹಿರಿದಾಗಿಸಲೇಬೇಕು.

ಬಾಗು ಒಮ್ಮೆಗೇ ಬರಲೂ ಕೂಡದು. ೧೮೯೫ರಲ್ಲಿ ಕೋನಿ ಐಲೆಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಎಂಬ ಕೋಸ್ಟರನ್ನು ಕಟ್ಟಿದವರು, ಇಳಿದ ಬಂಡಿಯನ್ನು ನೇರವಾಗಿ ಸುಮಾರು ೨೫ ಅಡಿ ಅಗಲದ ಪೂರ್ಣವೃತ್ತಕ್ಕೆ ನುಗ್ಗಿಸಿದರು. ಬಾಗಿಲ್ಲದ ಹಳಿಯಿಂದ ತುಂಬು ಬಾಗಿಗೆ ಬಂಡಿಯು ಒಮ್ಮೆಗೇ ಬಂದುದರಿಂದ ಅದರಲ್ಲಿ ಕುಳಿತವರ ಕತ್ತುಗಳು ನೊಂದುವು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿಹೋಯಿತು. ಈಗಿನವರು, ರೈಲ್ವೆ ಎಂಜಿನಿಯರುಗಳು ತಿರುವುಗಳಲ್ಲಿ ಮಾಡುವಂತೆ, ಬಾಗನ್ನು ಮೊದಲು ಸ್ವಲ್ಪವಾಗಿ ಆರಂಭಿಸಿ ಕ್ರಮವಾಗಿ ಹೆಚ್ಚಿಸುವರು. ಭಾರವು ಏರುವುದು ಎಷ್ಟೆಂಬುದಷ್ಟೇ ಅಲ್ಲ, ಹೇಗೆ ಏರುವುದೆಂಬುದೂ ದೇಹಕ್ಕೆ ಮುಖ್ಯ.

ಮೊದಲ ಇಳಿಜಾರು ಮುಗಿದ ಮೇಲೆ ಉಳಿಯುವುದು ಖರ್ಚಿನ ಪಟ್ಟಿ. ಚಕ್ರದ ಪ್ರತಿಯೊಂದು ಸುತ್ತಿಗೂ, ಸೀಳಿದ ಗಾಳಿಗೂ, ಶಬ್ದಕ್ಕೂ ಸ್ವಲ್ಪ ಸ್ವಲ್ಪ ತೆರುತ್ತ ಹೋಗಬೇಕು. ಆದುದರಿಂದ ಬೇರೆ ನೂಕುಬಲವಿಲ್ಲದ ಕೋಸ್ಟರಿನಲ್ಲಿ ಮುಂದಿನ ಯಾವ ದಿಬ್ಬವೂ ಮೊದಲಿನದರಷ್ಟು ಎತ್ತರವಾಗಿರಲಾರದು. ಚಳಿಯಿರುವ ಬೆಳಗ್ಗೆ ಚಕ್ರಗಳ ಗ್ರೀಸು ಗಟ್ಟಿಯಾಗಿರುವುದರಿಂದ ಖರ್ಚು ಹೆಚ್ಚು. ಬಿಸಿಲೇರಿದ ಮೇಲೆ ಕಡಮೆ. ಲೆಕ್ಕವು ತಪ್ಪಿದರೆ ರೈಲು ಎರಡು ದಿಬ್ಬಗಳ ನಡುವಣ ತಗ್ಗಿನಲ್ಲಿ ಉಯ್ಯಾಲೆಯಂತೆ ತೂಗಿ ನಿಂತುಬಿಡುವುದು. ಜನರನ್ನು ಕೂರಿಸುವ ಮೊದಲು ಬರಿಯ ರೈಲನ್ನು ಓಡಿಸಿ ನೋಡುವುದು ಇದಕ್ಕಾಗಿಯೂ ಹೌದು.

ದಿಬ್ಬವನ್ನೇ ಬಿಟ್ಟು, ರೈಲನ್ನು ನೆಲದ ಮೇಲೆಯೇ ನೂಕಿಬಿಟ್ಟರೆ ಆಗದೆ ಎಂದು ನೀವು ಕೇಳಬಹುದು. ಆಗುವುದು. ನ್ಯೂಜೆರ್ಸಿಯಲ್ಲಿ ೨೦೦೫ರಲ್ಲಿ ತೆರೆದ ಕಿಂಗ್ಡಾ ಕಾ ಎಂಬುದು ರೈಲನ್ನು ಕೆಲವೇ ಸೆಕೆಂಡುಗಳಲ್ಲಿ ಗಂಟೆಗೆ ೧೨೮ ಮೈಲಿ ವೇಗಕ್ಕೆ ನೂಕಿ, ೪೫೬ ಅಡಿಯ ಗೋಪುರವನ್ನು ಹತ್ತಿಸುತ್ತಿತ್ತು. ನಮ್ಮ ಸೂತ್ರವನ್ನು ತಿರುಗುಮುರುಗು ಮಾಡಿದರೆ ಅಷ್ಟು ಎತ್ತರಕ್ಕೆ ಸುಮಾರು ೧೧೬ ಮೈಲಿಯ ವೇಗವು ಬೇಕು. ಮೇಲಿನ ಹನ್ನೆರಡು ಮೈಲಿಯು ದಾರಿಯ ಖರ್ಚಿಗೂ ನೆತ್ತಿಯನ್ನು ದಾಟುವುದಕ್ಕೂ ಇಟ್ಟುಕೊಂಡ ಬುತ್ತಿ. ಆದರೂ ಕೆಲವು ವೇಳೆ ಆ ಬುತ್ತಿಯು ಸಾಲದೆ ರೈಲು ನೆತ್ತಿಯ ಬಳಿಯಿಂದ ಹಿಂದಕ್ಕೆ ಜಾರಿದುದುಂಟು. ಅದನ್ನು ಹಿಡಿದು ನಿಲ್ಲಿಸಲು ಕೆಳಗೆ ಬ್ರೇಕುಗಳು ಕಾದಿರುತ್ತಿದ್ದುವು. ಆ ಗೋಪುರವನ್ನು ೨೦೨೫ರ ಫೆಬ್ರುವರಿಯಲ್ಲಿ ಕೆಡವಿದರು. ಮೊದಲು ಎತ್ತರ, ಆಮೇಲೆ ವೇಗವೆನ್ನಿ. ಮೊದಲು ವೇಗ, ಆಮೇಲೆ ಎತ್ತರವೆನ್ನಿ. ಲೆಕ್ಕದ ಪುಸ್ತಕವು ಒಂದೇ.

ಕಡೆಯದಾಗಿ ಒಂದು ಮಾತು. ೨೦೨೩ರ ಜೂನ್ ೩೦ರಂದು ಅಮೆರಿಕದ ಉತ್ತರ ಕೆರೊಲೈನದಲ್ಲಿ ಫ್ಯೂರಿ ೩೨೫ ಎಂಬ ೩೨೫ ಅಡಿಯ ಕೋಸ್ಟರಿನ ಆಧಾರಸ್ತಂಭವೊಂದು ಬಿರುಕುಬಿಟ್ಟು, ರೈಲು ಹಾಯುವಾಗಲೆಲ್ಲ ಬಾಯಿ ತೆರೆಯುತ್ತಿದ್ದುದನ್ನು ನೋಡಲು ಬಂದಿದ್ದವರೊಬ್ಬರು ಕಂಡು ತಿಳಿಸಿದರು. ಕೋಸ್ಟರನ್ನು ನಿಲ್ಲಿಸಿದರು, ಕಂಬವನ್ನು ಬದಲಾಯಿಸಿ, ಪರೀಕ್ಷೆಗಳಾದ ಮೇಲೆ ಆಗಸ್ಟಿನಲ್ಲಿ ಮತ್ತೆ ತೆರೆದರು. ಯಾರಿಗೂ ಅಪಾಯವಾಗಲಿಲ್ಲ. ವೇಗದ ಲೆಕ್ಕವನ್ನು ಕಾಗದದ ಮೇಲೆ ಒಂದು ಸಾರಿ ಮಾಡಿದರೆ ಸಾಕು; ಉಕ್ಕಿನ ಲೆಕ್ಕವನ್ನಾದರೋ ದಿನದಿನವೂ ಕಣ್ಣಿನಿಂದ ಮಾಡುತ್ತಿರಬೇಕು. ನಾವು ಹಣ ಕೊಟ್ಟು ಕೊಳ್ಳುವುದು ಹೆದರಿಕೆಯನ್ನು, ಅಪಾಯವನ್ನಲ್ಲ. ಈ ಎರಡರ ನಡುವೆ ನಿಂತಿರುವುದು ಒಂದು ಸೂತ್ರ, ಒಂದು ಉಕ್ಕಿನ ನಾಲಿಗೆ, ಮತ್ತು ಎಚ್ಚರವುಳ್ಳ ಒಂದು ಕಣ್ಣು. ಎಂದಾದರೂ ಇಂಥ ದಿಬ್ಬವನ್ನು ಏರುವ ಸಂದರ್ಭವು ನಿಮಗೆ ಒದಗಿದರೆ, ಕಟಕಟ ಶಬ್ದವನ್ನು ಕೇಳುತ್ತ ಇದನ್ನು ನೆನೆದುಕೊಳ್ಳಿ. ಶಬ್ದವು ನಿಂತ ಮೇಲೆ ಏನನ್ನೂ ನೆನೆಯಲು ನಿಮಗೆ ಬಿಡುವಿರಲಾರದು.